ಕಲ್ಲುನಾಡಿನಲ್ಲಿ ಮರಗೆಲಸ: ಹಳೆಯ ಪೀಠೋಪಕರಣಗಳ ಜೀರ್ಣೋದ್ಧಾರ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಎಂಬ ಹೆಸರುಗಳನ್ನು ಕೇಳಿದೊಡನೆ ಹೊರನಾಡಿನವರಿಗೆ ಮೊದಲು ನೆನಪಾಗುವುದು ಕಲ್ಲು. ಶಹಾಬಾದದ ಫರಸಿ ದೇಶದ ನಾನಾ ಭಾಗಗಳ ಮನೆಗಳಲ್ಲಿ ನೆಲವಾಗಿ ಹಾಸಿದೆ. ವಾಡಿ, ಸೇಡಂ, ಮಳಖೇಡಗಳ ಸಿಮೆಂಟು ಕಾರ್ಖಾನೆಗಳು ನಿಂತಿರುವುದೂ ಅದೇ ಸುಣ್ಣಗಲ್ಲಿನ ನಿಧಿಯ ಮೇಲೆ. ಕಲ್ಲಿಗೆ ಬರವಿಲ್ಲದ ಈ ನಾಡಿನಲ್ಲಿ ಮರಕ್ಕೆ ಮಾತ್ರ ಎಂದಿನಿಂದಲೂ ಬರ. ಚಿಂಚೋಳಿಯ ಗುಡ್ಡಸಾಲನ್ನು ಬಿಟ್ಟರೆ ಕಾಗಿಣಾ ತೀರದ ಬಯಲಿನಲ್ಲಿ ಹೊಲದ ಬದುವಿನ ಬೇವು, ಜಾಲಿ, ಹುಣಸೆ, ಮಾವುಗಳೇ ಮರಸಂಪತ್ತು.

ಆದಕಾರಣ ಈ ಭಾಗದ ಹಿರಿಯರು ಮರವನ್ನು ಬಹು ಜತನದಿಂದ ಬಳಸಿದರು. ಗೋಡೆಗೆ ಕಲ್ಲು, ಮಾಳಿಗೆಗೆ ಮಣ್ಣು. ತೊಲೆ, ಜಂತಿ, ಕಂಬ, ತಲೆಬಾಗಿಲುಗಳಿಗೆ ಮಾತ್ರ ಮರ. ಮನೆ ಬಿದ್ದರೂ ಬಾಗಿಲು ಬೀಳುತ್ತಿರಲಿಲ್ಲ. ಅಜ್ಜನ ಮನೆಯ ಬಾಗಿಲು ಮೊಮ್ಮಗನ ಮನೆಗೆ ಬರುತ್ತಿತ್ತು. ಮುರಿದ ತೊಲೆ ಹೊರಸಿನ ಕಾಲಾಗುತ್ತಿತ್ತು. ಹೊರಸಿನ ಕಾಲು ಸವೆದರೆ ಮಣೆಯಾಗುತ್ತಿತ್ತು.

ಇಂದು ಈ ಪದ್ಧತಿ ತಲೆಕೆಳಗಾಗಿದೆ. ಹಳೆಯ ಮನೆಯನ್ನು ಕೆಡವುವಾಗ ನೂರು ವರ್ಷ ಬಾಳಿದ ಸಾಗವಾನಿ ಬಾಗಿಲು ಗುಜರಿ ಅಂಗಡಿಗೆ ಹೋಗುತ್ತದೆ, ಇಲ್ಲವೆ ನೀರು ಕಾಯಿಸುವ ಒಲೆಗೆ ಹೋಗುತ್ತದೆ. ಅದೇ ಮನೆಯವರು ಮಗಳ ಮದುವೆಗೆಂದು ಸಾಲ ಮಾಡಿ, ಮರದ ಹೊಟ್ಟನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆಯ ಕಪಾಟು, ಮಂಚಗಳನ್ನು ಕೊಳ್ಳುತ್ತಾರೆ. ನೆಲ ತೊಳೆದ ನೀರು ಆ ಹಲಗೆಯ ಅಂಚಿಗೆ ತಾಗಿದರೆ ಅದು ಉಬ್ಬಿ ಬಿರಿಯುವುದು. ಒಮ್ಮೆ ತಿರುಪುಮೊಳೆ ಸಡಿಲವಾದ ಜಾಗದಲ್ಲಿ ಮತ್ತೆ ಹಿಡಿಯದು. ಸಾಲ ತೀರುವ ಮುನ್ನವೇ ವಸ್ತು ತೀರಿಹೋಗುವುದು. ಮನೆಯಲ್ಲಿರುವ ಹಳೆಯ ಮರವನ್ನು ಮನೆಯವರೇ ಅಲ್ಪ ವೆಚ್ಚದಲ್ಲಿ ಉದ್ಧರಿಸುವ ಬಗೆಯನ್ನೂ ಒಂದೆರಡು ಸರಳ ವಸ್ತುಗಳನ್ನು ಹೊಸದಾಗಿ ಮಾಡಿಕೊಳ್ಳುವ ಬಗೆಯನ್ನೂ ಪ್ರಸ್ತುತ ಲೇಖನದಲ್ಲಿ ವಿವರಿಸಲಾಗಿದೆ.

ಬಡಗಿ ಎಂಬ ಶಬ್ದ

ಕನ್ನಡದ ‘ಬಡಗಿ’ ಶಬ್ದವು ಸಂಸ್ಕೃತದ ‘ವರ್ಧಕಿ’ಯಿಂದ ಪ್ರಾಕೃತದ ಮೂಲಕ ಬಂದುದು. ವೈಯಾಕರಣರು ಇದರ ಮೂಲಧಾತುವಿಗೆ ಎರಡು ಅರ್ಥಗಳನ್ನು ಹೇಳುವರು: ಒಂದು ಛೇದನ, ಇನ್ನೊಂದು ಪೂರಣ, ಅಂದರೆ ಕಡಿಯುವುದು ಮತ್ತು ತುಂಬುವುದು. ಬಡಗಿಯ ಕಾಯಕದ ಸಾರವೆಲ್ಲ ಈ ಎರಡು ಅರ್ಥಗಳಲ್ಲಿ ಅಡಗಿದೆ. ಕಾಡಿರುವ ನಾಡಿನಲ್ಲಿ ಛೇದನ ಹೆಚ್ಚು; ಕಾಡಿಲ್ಲದ ನಾಡಿನಲ್ಲಿ ಪೂರಣಕ್ಕೆ ಪ್ರಾಧಾನ್ಯ ಬರಬೇಕಾದುದು ನ್ಯಾಯ. ಹನ್ನೆರಡನೆಯ ಶತಮಾನದ ಶರಣರಲ್ಲಿ ಬಾಚಿಕಾಯಕದ ಬಸವಯ್ಯನೂ ಆತನ ಪುಣ್ಯಸ್ತ್ರೀ ಕಾಳವ್ವೆಯೂ ತಮ್ಮ ಉಪಕರಣದ ಹೆಸರಿನಿಂದಲೇ ಪ್ರಸಿದ್ಧರಾದುದನ್ನು ನೆನೆದರೆ, ಈ ಕೆಲಸಕ್ಕೆ ನಮ್ಮ ಪರಂಪರೆಯಲ್ಲಿದ್ದ ಗೌರವ ವ್ಯಕ್ತವಾಗುವುದು.

ಮನೆಯಲ್ಲಿ ಮಾಡುವ ಮರಗೆಲಸವೂ ಬಹುಮಟ್ಟಿಗೆ ಪೂರಣವೇ. ಸಡಿಲವಾದ ಸಂದನ್ನು ಬಿಗಿಯುವುದು, ಹುಳು ತಿಂದ ಕಡೆ ತುಂಬುವುದು, ಸವೆದ ಮೈಗೆ ಮೆರುಗು ಕೊಡುವುದು, ಇವು ಬಡಗಿಯ ವೃತ್ತಿಯನ್ನು ಕಲಿಯದವರಿಗೂ ಸಾಧ್ಯ. ತೊಲೆ ಸೀಳುವುದು, ಬಾಗಿಲಿನ ಚೌಕಟ್ಟು ಕೂಡಿಸುವುದು ಮೊದಲಾದ ದೊಡ್ಡ ಕೆಲಸಗಳನ್ನು ಬಲ್ಲ ಬಡಗಿಗೇ ಒಪ್ಪಿಸತಕ್ಕದ್ದು. ಅದರಿಂದ ಆ ಕುಶಲಕರ್ಮಿಗೂ ಅನ್ನ, ವಸ್ತುವಿಗೂ ಆಯುಷ್ಯ.

ಮರದ ಸ್ವಭಾವ

ಮರವು ಕಡಿದ ಮೇಲೂ ಉಸಿರಾಡುತ್ತದೆ ಎಂದು ಬಡಗಿಗಳು ಹೇಳುವುದುಂಟು. ಮಾತು ಆಲಂಕಾರಿಕವಾದರೂ ಅದರಲ್ಲಿ ತಥ್ಯವಿದೆ. ಮರದ ನಾರುಗಳು ಮಳೆಗಾಲದಲ್ಲಿ ಗಾಳಿಯ ತೇವವನ್ನು ಹೀರಿ ಹಿಗ್ಗುವುವು. ಬೇಸಿಗೆಯಲ್ಲಿ ಅದನ್ನು ಬಿಟ್ಟುಕೊಟ್ಟು ಕುಗ್ಗುವುವು. ಈ ಹಿಗ್ಗು–ಕುಗ್ಗು ಹಲಗೆಯ ಅಗಲದಲ್ಲಿ ನಡೆಯುವುದೇ ಹೊರತು ಉದ್ದದಲ್ಲಿ ಅಲ್ಲವೆನ್ನುವಷ್ಟು ಅತ್ಯಲ್ಪ. ಅಗಲದಲ್ಲಿಯೂ ವರ್ಷಬಳೆಗಳ ಜಾಡಿನಲ್ಲಿ ಆಗುವ ಕುಗ್ಗುವಿಕೆ ತಿರುಳಿನಿಂದ ತೊಗಟೆಯತ್ತ ಆಗುವುದರ ಸುಮಾರು ಎರಡರಷ್ಟು. ಹಸಿ ಹಲಗೆ ಒಣಗುವಾಗ ತೊಟ್ಟಿಯಂತೆ ಬಾಗುವುದು ಇದರಿಂದಲೇ.

ಏಪ್ರಿಲ್–ಮೇ ತಿಂಗಳುಗಳಲ್ಲಿ ಈ ಭಾಗದ ಬಿಸಿಲು 42–43 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಆಗಸ್ಟಿನಲ್ಲಿ ಗಾಳಿ ತೇವದಿಂದ ತುಂಬಿರುವುದು. ಇಷ್ಟು ಅಂತರವನ್ನು ತಾಳಬೇಕಾದ ಬಾಗಿಲನ್ನು ಹಿಂದಿನ ಬಡಗಿಗಳು ಹೇಗೆ ಮಾಡಿದರೆಂಬುದು ಗಮನಾರ್ಹ. ಸುತ್ತ ಗಟ್ಟಿಯಾದ ಚೌಕಟ್ಟನ್ನು ಕಟ್ಟಿ, ಅದರ ಒಳಮೈಯಲ್ಲಿ ಗಾಡಿ ತೆಗೆದು, ನಡುವಿನ ಹಲಗೆಯನ್ನು ಆ ಗಾಡಿಯಲ್ಲಿ ಅಂಟಿಲ್ಲದೆ, ಮೊಳೆಯಿಲ್ಲದೆ ಕೂರಿಸುತ್ತಿದ್ದರು. ಹಲಗೆ ಒಳಗೇ ಹಿಗ್ಗಿ ಕುಗ್ಗಿದರೂ ಬಾಗಿಲಿನ ಅಳತೆ ಕೆಡುತ್ತಿರಲಿಲ್ಲ. ಇದನ್ನರಿಯದವರು ಹಳೆಯ ಬಾಗಿಲಿನ ನಡುಹಲಗೆ ಅಲುಗಾಡುವುದೆಂದು ಮೊಳೆ ಹೊಡೆದು ಭದ್ರಪಡಿಸಲು ಹೋಗುವರು. ಮರುಬೇಸಿಗೆಯಲ್ಲಿ ಆ ಹಲಗೆ ನಟ್ಟನಡುವೆ ಸೀಳುವುದು. ಅಲುಗಾಡುವುದು ಅಲ್ಲಿ ದೋಷವಲ್ಲ, ಗುಣ.

ಇದರಿಂದ ಎರಡು ನಿಯಮಗಳು ಫಲಿಸುವುವು. ಮೊದಲನೆಯದು, ಹಸಿ ಮರದಲ್ಲಿ ಕೆಲಸ ಮಾಡಬಾರದು. ಒಂದು ಅಂಗುಲ ದಪ್ಪದ ಹಲಗೆ ನೆರಳಿನಲ್ಲಿ ಒಣಗಲು ಹೆಚ್ಚು ಕಡಿಮೆ ಒಂದು ವರ್ಷ ಬೇಕೆಂಬುದು ರೂಢಿಯ ಲೆಕ್ಕ. ಹಲಗೆಗಳ ನಡುವೆ ಒಂದೇ ದಪ್ಪದ ಕಡ್ಡಿಗಳನ್ನಿಟ್ಟು, ನೆಲದಿಂದ ಮೇಲೆ, ಗಾಳಿಯಾಡುವ ನೆರಳಿನಲ್ಲಿ ಅಡಕಬೇಕು. ತುದಿಗಳು ಬೇಗ ಒಣಗಿ ಸೀಳುವುದರಿಂದ ಅವುಗಳಿಗೆ ಬಣ್ಣವನ್ನೋ ಮೇಣವನ್ನೋ ಬಳಿಯಬೇಕು. ಬೇಸಿಗೆಯ ಬಿಸಿಲಿನಲ್ಲಿ ಹರಡಿ ಬೇಗ ಒಣಗಿಸುವ ಆತುರ ಸಲ್ಲದು. ಎರಡನೆಯದು, ಎಳೆಯುವ ಅರೆ, ಕಪಾಟಿನ ಕದಗಳನ್ನು ಬೇಸಿಗೆಯಲ್ಲಿ ಮಾಡುವಾಗ ಮಳೆಗಾಲದ ಹಿಗ್ಗಿಗೆಂದು ಒಂದಿಷ್ಟು ಸಂದು ಬಿಡಬೇಕು.

ಹಳೆಯ ಮರದ ಹಿರಿಮೆ ಇಲ್ಲಿಯೇ ಇದೆ. ಐವತ್ತು, ಎಂಬತ್ತು ಮಳೆಗಾಲಗಳನ್ನು ಕಂಡ ತೊಲೆ ಆಗಬೇಕಾದಷ್ಟು ಬಾಗಿ, ಸೀಳಬೇಕಾದಷ್ಟು ಸೀಳಿ ನೆಲೆಗೆ ನಿಂತಿರುತ್ತದೆ. ಅದರಿಂದ ತೆಗೆದ ಹಲಗೆಯನ್ನು ನಂಬಿ ಕೆಲಸ ಮಾಡಬಹುದು.

ಕಡಿಮೆ ಖರ್ಚಿನ ಮರ

ಮರಕ್ಕೆ ಮೊದಲು ಹುಡುಕಬೇಕಾದ ಜಾಗ ಸ್ವಂತ ಮನೆಯ ಅಟ್ಟ ಮತ್ತು ದನದ ಕೊಟ್ಟಿಗೆ. ಮುರಿದ ಹೊರಸು, ಕೂರಿಗೆಯ ದಿಂಡು, ಬಂಡಿಯ ಮೂಕಿ, ಹಳೆಯ ಕಿಟಕಿಯ ಚೌಕಟ್ಟು, ಇವುಗಳಲ್ಲಿ ಸಾಗವಾನಿ, ಜಾಲಿ, ಮತ್ತಿಯಂಥ ಗಟ್ಟಿ ಮರ ಸಿಗುವುದು. ಎರಡನೆಯದು ಕೆಡವಿದ ಮನೆಗಳ ಮರ ಮಾರುವ ಅಡ್ಡೆ. ಅಲ್ಲಿ ಕೊಳ್ಳುವಾಗ ಉಗುರಿನಿಂದ ಗೀರಿ, ಸುತ್ತಿಗೆಯಿಂದ ತಟ್ಟಿ ನೋಡಬೇಕು. ಗಟ್ಟಿ ಮರ ಖಣಿಲೆಂದು ನುಡಿಯುವುದು. ಒಳಗೆ ಗೆದ್ದಲು ತಿಂದುದು ಮಂಕಾಗಿ ನುಡಿಯುವುದು. ಒಳಗೆ ಮುರಿದು ಉಳಿದ ಮೊಳೆಗಳನ್ನು ಅಯಸ್ಕಾಂತದಿಂದ ಪತ್ತೆ ಮಾಡಿ ತೆಗೆಯದಿದ್ದರೆ ಕರಗಸದ ಹಲ್ಲು ಮುರಿಯುವುದು, ಕಣ್ಣಿಗೂ ಅಪಾಯ.

ಮೂರನೆಯದು ಯಂತ್ರಭಾಗಗಳನ್ನು ತುಂಬಿ ತರುವ ಪೆಟ್ಟಿಗೆಗಳ ಹಲಗೆ. ಕಾರ್ಖಾನೆಯ ಊರುಗಳಲ್ಲಿ ಇದನ್ನು ವಿಚಾರಿಸಬಹುದು. ಇದು ಬಹುಶಃ ಪೈನ್ ಮರ. ಹಗುರ, ಮೆದು, ಕಪಾಟಿನ ಅರೆಗಳಿಗೆ ಯೋಗ್ಯ. ಆದರೆ ಹೊರದೇಶದಿಂದ ಬಂದ ಪೆಟ್ಟಿಗೆಗಳ ಮೇಲೊತ್ತಿರುವ ಮುದ್ರೆಯನ್ನು ಓದಿ ಕೊಳ್ಳಬೇಕು. 2002ರಲ್ಲಿ ರೂಪುಗೊಂಡ ಅಂತರರಾಷ್ಟ್ರೀಯ ಸಸ್ಯಸಂರಕ್ಷಣ ನಿಯಮದಂತೆ ಈ ಮರದಲ್ಲಿ ಹುಳುಗಳನ್ನು ಕೊಂದಿರಬೇಕು. ‘ಹೆಚ್.ಟಿ.’ ಎಂಬ ಮುದ್ರೆಯಿದ್ದರೆ ಮರದ ಒಳತಿರುಳನ್ನು 56 ಡಿಗ್ರಿ ಶಾಖದಲ್ಲಿ 30 ನಿಮಿಷ ಇಟ್ಟಿದ್ದಾರೆಂದು ಅರ್ಥ. ಅದನ್ನು ಮನೆಯಲ್ಲಿ ಬಳಸಬಹುದು. ‘ಎಂ.ಬಿ.’ ಎಂದಿದ್ದರೆ ಮಿಥೈಲ್ ಬ್ರೋಮೈಡ್ ಎಂಬ ವಿಷದ ಹೊಗೆ ಕೊಟ್ಟಿದ್ದಾರೆಂದು ಅರ್ಥ. ಅದನ್ನು ಬಿಡುವುದು ಲೇಸು. ಹಾಗೆಯೇ ರೈಲು ಹಳಿಯ ಕೆಳಗಿದ್ದ ಹಳೆಯ ಮರದ ಪಟ್ಟಿಗಳು ಎಷ್ಟು ಗಟ್ಟಿಯಾಗಿ ಕಂಡರೂ ಮನೆಯೊಳಗೆ ತರಬಾರದು. ಅವು ಕೆಡದಿರಲೆಂದು ಕ್ರಿಯೋಸೋಟ್ ಎಂಬ ಡಾಂಬರಿನ ಎಣ್ಣೆಯನ್ನು ಕುಡಿಸುತ್ತಿದ್ದರು. ಅದು ಚರ್ಮಕ್ಕೂ ಶ್ವಾಸಕ್ಕೂ ಕೇಡು.

ಹೊಸ ಮರವೇ ಬೇಕಾದಲ್ಲಿ ಬೇವು ಉತ್ತಮ. ಅದರ ಕಹಿ ಹುಳುವನ್ನು ತಕ್ಕಮಟ್ಟಿಗೆ ದೂರವಿಡುವುದು. ಜಾಲಿ ಬಹು ಗಟ್ಟಿ. ಕಾಲು, ಅಡ್ಡಪಟ್ಟಿಗಳಿಗೆ ಯೋಗ್ಯ. ಮಾವು ಅಗ್ಗವಾದರೂ ಅದಕ್ಕೆ ಹುಳುವಿನ ಬಾಧೆ ಹೆಚ್ಚು. ಎಲ್ಲರೂ ಉರುವಲೆಂದೇ ತಿಳಿದ ಬಳ್ಳಾರಿ ಜಾಲಿಯ ತಿರುಳು ಒಣಗುವಾಗ ಕುಗ್ಗುವುದು ಅತ್ಯಲ್ಪ. ಉದ್ದನೆಯ ನೇರ ತುಂಡು ಸಿಗದಿದ್ದರೂ ಮಣೆ, ಗೂಟ, ಹಿಡಿಕೆ, ಮುಕ್ಕಾಲುಪೀಠಗಳಿಗೆ ಅದಕ್ಕಿಂತ ಅಗ್ಗದ ಮರ ಬೇರೊಂದಿಲ್ಲ. ಚಿಂಚೋಳಿಯ ಕಾಡಿನ ಮರವನ್ನು ಮಾತ್ರ ಯಾರೂ ಆಶಿಸಬಾರದು. ಸುಮಾರು 135 ಚದರ ಕಿಲೋಮೀಟರಿನ ಆ ಪ್ರದೇಶವು 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾಗಿದೆ. ಅಲ್ಲಿಂದ ಕದ್ದು ತಂದುದು ಎಷ್ಟು ಅಗ್ಗವಾದರೂ ಅಪರಾಧವೇ. ಸ್ವಂತ ಹೊಲದ ಮರವನ್ನು ಕಡಿಯುವ ಮುನ್ನವೂ 1976ರ ಕರ್ನಾಟಕ ಮರಗಳ ಸಂರಕ್ಷಣಾ ಅಧಿನಿಯಮದಂತೆ ಅನುಮತಿ ಬೇಕೇ ಎಂಬುದನ್ನು ಅರಣ್ಯ ಇಲಾಖೆಯಲ್ಲಿ ವಿಚಾರಿಸತಕ್ಕದ್ದು.

ಉಪಕರಣಗಳು

ಪ್ರಾರಂಭಕ್ಕೆ ಬೇಕಾದ ಉಪಕರಣಗಳು ಹತ್ತಕ್ಕಿಂತ ಕಡಿಮೆ: ಒಂದು ಕೈಗರಗಸ, ಅರ್ಧ ಅಂಗುಲದ ಹಾಗೂ ಒಂದು ಅಂಗುಲದ ಎರಡು ಉಳಿಗಳು, ಕೊಡತಿ, ಸುತ್ತಿಗೆ, ಹತ್ತರಿ (ಈ ಭಾಗದಲ್ಲಿ ರಂದಾ ಎಂದೇ ರೂಢಿ), ಮೂಲೆಮಟ್ಟ, ಅಳತೆಪಟ್ಟಿ, ಸಾಣೆಕಲ್ಲು. ವಿದ್ಯುತ್ತಿನ ಯಂತ್ರಗಳಿದ್ದರೆ ಕೆಲಸ ಬೇಗ ಆಗುವುದು. ಇಲ್ಲದಿದ್ದರೆ ಕೆಲಸ ನಿಲ್ಲದು. ಮೊಂಡ ಉಳಿ ಚೂಪಾದ ಉಳಿಗಿಂತ ಅಪಾಯಕರ. ಮೊಂಡಾದುದಕ್ಕೆ ಬಲ ಹಾಕಬೇಕಾಗುವುದರಿಂದ ಅದು ಜಾರಿ ಕೈಯನ್ನು ಇರಿಯುವುದು.

ನಾಟಕದ ಸೂತ್ರಧಾರನ ಹೆಸರು ಬಡಗಿಗೂ ಸಲ್ಲುತ್ತದೆ. ಸೂತ್ರ ಎಂದರೆ ದಾರ; ದಾರ ಹಿಡಿದು ಅಳೆಯುವವನೇ ಸೂತ್ರಧಾರ. ಮೂಲೆ ನೇರವಾಗಿದೆಯೇ ಎಂದು ತಿಳಿಯಲು ಆ ದಾರವೊಂದೇ ಸಾಕು. ಒಂದು ಬದಿಯಲ್ಲಿ 3 ಗೇಣು, ಇನ್ನೊಂದು ಬದಿಯಲ್ಲಿ 4 ಗೇಣು ಗುರುತಿಸಿದಾಗ ಆ ಗುರುತುಗಳ ನಡುವಣ ದೂರ ಸರಿಯಾಗಿ 5 ಗೇಣು ಇದ್ದರೆ ಮೂಲೆ ಲಂಬಕೋನವೇ ಸರಿ. ಯಜ್ಞವೇದಿಕೆಯ ಅಳತೆಗೆಂದು ಶುಲ್ಬಸೂತ್ರಕಾರರು ಬಲ್ಲವರಾಗಿದ್ದ ಈ ತತ್ತ್ವವನ್ನೇ ಇಂದು ಶಾಲೆಯ ಮಕ್ಕಳು ಗಣಿತದಲ್ಲಿ ಓದುತ್ತಾರೆ. ಪೂರ್ಣ ಚೌಕಟ್ಟಿಗಾದರೆ ಎರಡೂ ಕರ್ಣಗಳನ್ನು ಅಳೆಯಬೇಕು. ಅವು ಸಮವಾಗಿದ್ದರೆ ಚೌಕಟ್ಟು ಸೊಟ್ಟಾಗಿಲ್ಲ.

ಜೀರ್ಣೋದ್ಧಾರದ ಕ್ರಮ

ಹಳೆಯ ಮೇಜೊಂದನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಮೊದಲು ಶುದ್ಧಿ. ಹೊಗೆ, ಜಿಡ್ಡುಗಳಿಂದ ಕಪ್ಪಾದ ಮೈಯನ್ನು ಅಂಟುವಾಳಕಾಯಿಯ ನೊರೆಯಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ ನೆರಳಿನಲ್ಲಿ ಒಣಗಿಸಬೇಕು. ಎಷ್ಟೋ ವೇಳೆ ಇಷ್ಟರಿಂದಲೇ ಒಳಗಿನ ಬಣ್ಣ ಬೆಳಗುವುದು. ಆಗ ಹೆರೆಯುವ ಶ್ರಮವೇ ಬೇಡ. ಕಾಸ್ಟಿಕ್ ಸೋಡಾದಲ್ಲಿ ತೊಳೆಯುವ ಪದ್ಧತಿ ಒಳ್ಳೆಯದಲ್ಲ. ಅದು ಸಾಗವಾನಿಯನ್ನು ಕಪ್ಪಾಗಿಸುವುದಲ್ಲದೆ ಸಂದುಗಳ ಅಂಟನ್ನೂ ಬಿಡಿಸುವುದು.

ಎರಡನೆಯದು ಹಳೆಯ ಬಣ್ಣವನ್ನು ತೆಗೆಯುವುದು. ಇಲ್ಲಿ ವಿಶೇಷ ಎಚ್ಚರ ಬೇಕು. ಹಿಂದಿನ ಎಣ್ಣೆಬಣ್ಣಗಳಲ್ಲಿ ಸೀಸ ಬೆರೆತಿರುವ ಸಂಭವ ಹೆಚ್ಚು. ಮನೆಯ ಬಣ್ಣದಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಭಾಗವನ್ನು ಮೀರಬಾರದೆಂಬ ಕೇಂದ್ರ ಸರಕಾರದ ನಿಯಮ 2016ರಲ್ಲಿ ಹೊರಟು 2017ರ ನವೆಂಬರಿನಲ್ಲಿ ಜಾರಿಗೆ ಬಂದಿತು. ಅದಕ್ಕಿಂತ ಹಳೆಯ ಬಣ್ಣವನ್ನು ಒಣಗಿದ್ದಾಗ ಉಜ್ಜಿದರೆ ಏಳುವ ಧೂಳು ಮಕ್ಕಳ ಮಿದುಳಿಗೆ ಹಾನಿ ಮಾಡುವುದು. ಆದ್ದರಿಂದ ಮೈಯನ್ನು ನೀರಿನಿಂದ ಒದ್ದೆ ಮಾಡಿಕೊಂಡು, ಮೂಗಿಗೆ ಬಟ್ಟೆಗಿಂತ ಉತ್ತಮವಾದ ಧೂಳುಗವಸು ಹಾಕಿಕೊಂಡು, ಹೊರಗಡೆ, ಮಕ್ಕಳಿಂದಲೂ ಗರ್ಭಿಣಿಯರಿಂದಲೂ ದೂರದಲ್ಲಿ ಹೆರೆಯಬೇಕು. ಬಿದ್ದ ಚಕ್ಕೆಗಳನ್ನು ಕಾಗದದಲ್ಲಿ ಕಟ್ಟಿ ಬಿಸಾಡಬೇಕು, ಸುಡಬಾರದು.

ಮೂರನೆಯದು ಸಂದುಗಳ ದುರಸ್ತಿ. ಅಲುಗಾಡುವ ಕಾಲಿಗೆ ಮೊಳೆ ಹೊಡೆಯುವುದು ಎಲ್ಲರೂ ಮಾಡುವ ತಪ್ಪು. ಒಂದು ಮರದ ತುದಿಯನ್ನು ನಾಲಗೆಯಂತೆ ಕೆತ್ತಿ ಇನ್ನೊಂದರ ಕಿಂಡಿಯಲ್ಲಿ ಕೂರಿಸಿದ ಸಂದಿನೊಳಕ್ಕೆ ಮೊಳೆ ಹೊಕ್ಕರೆ ನಾಲಗೆ ಸೀಳುವುದು; ಅನಂತರ ಬಡಗಿಯೂ ಅದನ್ನು ಸರಿಪಡಿಸಲಾರ. ಹಳೆಯ ವಸ್ತುಗಳಲ್ಲಿ ಚರ್ಮ, ಮೂಳೆಗಳನ್ನು ಕುದಿಸಿ ತೆಗೆದ ಅಂಟು ಬಳಸಿರುವರು. ಬಿಸಿನೀರಿನ ಬಟ್ಟೆಯನ್ನು ಕೆಲ ಹೊತ್ತು ಸುತ್ತಿದರೆ ಆ ಅಂಟು ಕರಗಿ ಸಂದು ತಾನೇ ಬಿಚ್ಚಿಕೊಳ್ಳುವುದು. ಹಳೆಯ ಅಂಟನ್ನು ಪೂರ್ತಿ ಹೆರೆದು, ಸವೆದ ನಾಲಗೆಯ ಮೇಲೆ ಅದೇ ಜಾತಿಯ ಮರದ ತೆಳು ಚಕ್ಕೆ ಅಂಟಿಸಿ ದಪ್ಪಗೊಳಿಸಿ, ಹೊಸ ಅಂಟು ಬಳಿದು ಕೂಡಿಸಬೇಕು. ಕಬ್ಬಿಣದ ಬಿಗಿಪಟ್ಟು ಇಲ್ಲದಿದ್ದರೆ ಕಾಲುಗಳ ಸುತ್ತ ಹಗ್ಗವನ್ನು ಎರಡು ಸುತ್ತು ಸುತ್ತಿ, ನಡುವೆ ಕೋಲು ತೂರಿಸಿ ತಿರುಚಿದರೆ ಅಷ್ಟೇ ಬಿಗಿ ಬರುವುದು. ಕರ್ಣಗಳನ್ನು ಅಳೆದು ಸಮ ಮಾಡಿ ಒಂದು ದಿನ ಹಾಗೆಯೇ ಬಿಡಬೇಕು.

ನಾಲ್ಕನೆಯದು ಹುಳು ಮತ್ತು ಬಿರುಕುಗಳ ಚಿಕಿತ್ಸೆ. ಸೂಜಿತಲೆಯಷ್ಟು ತೂತುಗಳಿಂದ ಹಿಟ್ಟು ಉದುರುತ್ತಿದ್ದರೆ ಒಳಗೆ ಹುಳು ಇನ್ನೂ ಜೀವಂತವಾಗಿದೆಯೆಂದು ತಿಳಿಯಬೇಕು. ಸೀಮೆಎಣ್ಣೆ ಬಳಿದರೆ ಅದು ಆರಿಹೋಗುವುದರಿಂದ ಫಲ ತಾತ್ಕಾಲಿಕ. ಬೋರಿಕ್ ಆಮ್ಲ 1 ಭಾಗ, ಬಿಳಿಗಾರ ಒಂದೂವರೆ ಭಾಗ ಸೇರಿಸಿ, ಆ ಮಿಶ್ರಣದ 50 ಗ್ರಾಮನ್ನು 1 ಲೀಟರು ಬಿಸಿನೀರಿನಲ್ಲಿ ಕರಗಿಸಿ, ಬಣ್ಣ ತೆಗೆದ ಬರಿಮರಕ್ಕೆ ಮೂರು–ನಾಲ್ಕು ಸಲ ಕುಡಿಯುವಷ್ಟು ಬಳಿದರೆ ರಕ್ಷಣೆ ಬಹುಕಾಲ ನಿಲ್ಲುವುದು. ಇದು ನೀರಿನಲ್ಲಿ ತೊಳೆದುಹೋಗುವುದರಿಂದ ಒಳಮನೆಯ ವಸ್ತುಗಳಿಗೆ ಮಾತ್ರ; ಊಟದ ಮೈಗೆ ಸಲ್ಲದು. ತೂತು, ಬಿರುಕುಗಳಿಗೆ ಅದೇ ಮರದ ನಯವಾದ ಹೊಟ್ಟನ್ನು ಅಂಟಿನಲ್ಲಿ ಕಲಸಿ ತುಂಬಬೇಕು. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಬೊಂಬೆಗಳ ಅಂಗಗಳನ್ನು ಕೂಡಿಸಲು ಹುಣಸೆಬೀಜದ ಸರಿಯನ್ನೂ ಮರದ ಹೊಟ್ಟನ್ನೂ ಬಳಸುವ ವಿಧಾನವೂ ಇದೇ ತತ್ತ್ವದ್ದು.

ಕೊನೆಯದು ನಯಗೊಳಿಸುವುದು. ಉಪ್ಪುಕಾಗದದ ಹಿಂಬದಿಯ ಅಂಕೆ ಹೆಚ್ಚಿದಷ್ಟೂ ನಯ ಹೆಚ್ಚು. 80ರಿಂದ ತೊಡಗಿ 120, 180 ಎಂದು ಕ್ರಮವಾಗಿ ಏರಬೇಕು. ನಡುವಿನದನ್ನು ಬಿಟ್ಟರೆ ಮೊದಲಿನ ಗೀರುಗಳು ಮೆರುಗಿನಡಿ ಎದ್ದು ಕಾಣುವುವು. ನಾರು ಓಡಿದ ದಿಕ್ಕಿನಲ್ಲೇ ಉಜ್ಜಬೇಕು.

ಮೆರುಗು

ಮೆರುಗಿನ ಉದ್ದೇಶ ಅಂದ ಮಾತ್ರವಲ್ಲ. ಮರಕ್ಕೆ ತೇವ ಹೋಗಿಬರುವ ವೇಗವನ್ನು ತಗ್ಗಿಸುವುದು. ಬಡವರಿಗೂ ಎಟಕುವ ಮೂರು ಬಗೆಗಳಿವೆ.

ಮೊದಲನೆಯದು ಅಗಸೆ ಎಣ್ಣೆ. ಈ ಭಾಗದ ಹಿಂಗಾರಿ ಹೊಲಗಳಲ್ಲಿ ಬೆಳೆದು ಬಂದ ಅಗಸೆಯ ಎಣ್ಣೆಗೆ ಒಂದು ವಿಶೇಷ ಗುಣವಿದೆ. ಅದು ನೀರಿನಂತೆ ಆರಿಹೋಗುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾದ ಪೊರೆಯಾಗುವುದು. ಕುಸುಬೆ ಎಣ್ಣೆಗೂ ಈ ಗುಣ ಸ್ವಲ್ಪಮಟ್ಟಿಗೆ ಉಂಟು. ಶೇಂಗಾ ಎಣ್ಣೆಗೆ ಇಲ್ಲ. ಅದನ್ನು ಬಾಗಿಲಿಗೆ ಬಳಿದರೆ ಜಿಡ್ಡಾಗಿ ಧೂಳನ್ನು ಹಿಡಿಯುವುದು. ಅಂಗಡಿಯಲ್ಲಿ ‘ಡಬಲ್ ಬಾಯಿಲ್ಡ್’ ಎಂದು ಕೇಳಿದರೆ ಬೇಗ ಒಣಗುವ ಅಗಸೆ ಎಣ್ಣೆ ದೊರೆಯುವುದು. ಮೊದಲ ಸಲ ಅದಕ್ಕೆ ಸ್ವಲ್ಪ ಟರ್ಪೆಂಟೈನ್ ಬೆರೆಸಿ ತೆಳುವಾಗಿ ಬಳಿದು, ಕಾಲು ಗಂಟೆಯ ಬಳಿಕ ಮರ ಕುಡಿಯದೆ ಉಳಿದುದನ್ನು ಪೂರ್ತಿ ಒರೆಸಿ ತೆಗೆಯಬೇಕು. ಹೀಗೆ ಒಂದೆರಡು ದಿನ ಬಿಟ್ಟು ಮೂರು ಸಲ. ಒರೆಸದೆ ಬಿಟ್ಟರೆ ತಿಂಗಳಾದರೂ ಅಂಟಂಟಾಗಿರುವುದು.

ಒರೆಸಿದ ಬಟ್ಟೆಯ ವಿಷಯದಲ್ಲಿ ಒಂದು ಮಾತನ್ನು ಎಂದೂ ಮರೆಯಬಾರದು. ಅಗಸೆ ಎಣ್ಣೆ ಗಟ್ಟಿಯಾಗುವಾಗ ಶಾಖ ಹುಟ್ಟುವುದು. ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಆ ಶಾಖ ಹೊರಹೋಗಲಾರದೆ ಹೆಚ್ಚುತ್ತ, ಕಿಡಿಯಿಲ್ಲದೆಯೇ ಬಟ್ಟೆಗೆ ಬೆಂಕಿ ಹತ್ತುವುದು. ಬಿಸಿಲುನಾಡಿನಲ್ಲಿ ಈ ಭಯ ಇಮ್ಮಡಿ. ಬಳಸಿದ ಬಟ್ಟೆಯನ್ನು ಕೂಡಲೇ ನೀರಿನಲ್ಲಿ ಮುಳುಗಿಸಬೇಕು, ಇಲ್ಲವೆ ಹೊರಗೆ ಒಂಟಿಯಾಗಿ ಹರಡಿ ಒಣಗಿಸಬೇಕು.

ಎರಡನೆಯದು ಅರಗು. ಮುತ್ತುಗ, ಬಾರೆ ಮೊದಲಾದ ಮರಗಳ ಮೇಲೆ ಬಾಳುವ ಸಣ್ಣ ಕೀಟವೊಂದು ಸ್ರವಿಸುವ ರಾಳವಿದು. ಚನ್ನಪಟ್ಟಣದ ಆಟಿಕೆ, ಕಲಘಟಗಿಯ ತೊಟ್ಟಿಲುಗಳ ಹೊಳಪು ಈ ಅರಗಿನದೇ. ಮನೆಯ ಕೆಲಸಕ್ಕೆ ಸುಮಾರು 140 ಗ್ರಾಂ ಅರಗಿನ ಚಕ್ಕೆಯನ್ನು 1 ಲೀಟರು ಸ್ಪಿರಿಟಿನಲ್ಲಿ ಹಾಕಿ ಒಂದು ರಾತ್ರಿ ಬಿಟ್ಟು ಸೋಸಬೇಕು. ಹತ್ತಿಯನ್ನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ಉಂಡೆ ಮಾಡಿ, ಅದರಲ್ಲಿ ಅದ್ದಿ, ಒಂದೇ ಕಡೆ ನಿಲ್ಲದಂತೆ ತೆಳ್ಳಗೆ ಹಲವು ಸಲ ಒರೆಸುತ್ತ ಹೋಗಬೇಕು. ಮಳೆಯ ದಿನಗಳಲ್ಲಿ ಈ ಕೆಲಸ ಮಾಡಿದರೆ ತೇವ ಸಿಕ್ಕಿ ಮೈ ಬೆಳ್ಳಗಾಗುವುದು. ಸ್ಪಿರಿಟ್ ಬೇಗ ಹೊತ್ತಿಕೊಳ್ಳುವುದರಿಂದ ಒಲೆ, ದೀಪಗಳ ಬಳಿ ಕೂಡದು. ಬಿಸಿ ಲೋಟ ಇಟ್ಟರೆ ಅರಗಿನ ಮೇಲೆ ಬಿಳಿಯ ಉಂಗುರ ಮೂಡುವುದು. ಆದಕಾರಣ ಊಟದ ಮೇಜಿಗೆ ಎಣ್ಣೆಯೇ ಮೇಲು, ದೇವರ ಮಂಟಪ, ಪುಸ್ತಕದ ಕಪಾಟುಗಳಿಗೆ ಅರಗು ಶೋಭೆ.

ಮೂರನೆಯದು ಜೇನುಮೇಣ. ಮೇಣ ಮತ್ತು ಅಗಸೆ ಎಣ್ಣೆಗಳನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ, ಒಲೆಯಿಂದ ದೂರ ಇಳಿಸಿ, ಉಗುರುಬೆಚ್ಚಗಾದ ಮೇಲೆ ಟರ್ಪೆಂಟೈನ್ ಬೆರೆಸಬೇಕು. ಎಣ್ಣೆಯ ಅಥವಾ ಅರಗಿನ ಮೇಲೆ ವರ್ಷಕ್ಕೊಮ್ಮೆ ಇದನ್ನು ತಿಕ್ಕಿದರೆ ಮೆರುಗು ಮಾಸದು.

ಹೊಸದಾಗಿ ಮಾಡಬಹುದಾದ ಎರಡು ವಸ್ತುಗಳು

ಮೊದಲನೆಯದು ಹೊರಸು. ಆರು ಅಡಿ ಉದ್ದ, ಮೂರು ಅಡಿ ಅಗಲದ ಹೊರಸಿಗೆ 3 ಅಂಗುಲ ಅಗಲ, 2 ಅಂಗುಲ ದಪ್ಪದ ಪಟ್ಟಿ 18 ಅಡಿ. 3 ಅಂಗುಲ ಚೌಕದ ಒಂದೂವರೆ ಅಡಿಯ ಕಾಲು ನಾಲ್ಕು. ಒಟ್ಟು ಮರ ಒಂದು ಘನ ಅಡಿಗಿಂತ ತುಸು ಹೆಚ್ಚು. ಹಳೆಯ ಜಂತಿ ಎರಡು ಇದ್ದರೆ ಕೊಳ್ಳುವ ಪ್ರಮೇಯವಿಲ್ಲ. ಪಟ್ಟಿಯ ತುದಿಯ ನಾಲಗೆಯ ದಪ್ಪ ಪಟ್ಟಿಯ ದಪ್ಪದ ಮೂರರಲ್ಲೊಂದು ಪಾಲು ಇರಬೇಕು. ಒಂದು ಕಾಲಿಗೆ ಎರಡು ಕಡೆಯಿಂದ ಬರುವ ಕಿಂಡಿಗಳನ್ನು ಒಂದೇ ಎತ್ತರದಲ್ಲಿ ಎದುರಾಗಿಸದೆ ಒಂದನ್ನು ತುಸು ಕೆಳಗಿಡಬೇಕು. ಹೊರಸಿಗೆ ಅಂಟು ಬೇಡ. ನುಲಿಯನ್ನು ಬಿಗಿದಷ್ಟೂ ನಾಲ್ಕೂ ಪಟ್ಟಿಗಳು ಒಳಮುಖವಾಗಿ ಎಳೆಯಲ್ಪಟ್ಟು ಸಂದುಗಳು ತಾವೇ ಬಿಗಿಯುವುವು. ಕಾಲ್ದೆಸೆಯಲ್ಲಿ ಬೇರೆ ಹಗ್ಗವನ್ನು ಹಾಕುವುದು ಸಡಿಲವಾದಾಗ ಎಳೆದು ಬಿಗಿಯಲೆಂದೇ. ಪುಂಡಿಯ ನಾರಿನ ಹಗ್ಗ ಈ ಭಾಗಕ್ಕೆ ಹೊಸದಲ್ಲ. ಅದು ಇಲ್ಲದಿದ್ದರೆ ನವಾರ. ಬೇಸಿಗೆಯಲ್ಲಿ ಕೆಳಗಿನಿಂದ ಗಾಳಿಯಾಡುವ ಇಂಥ ಹಾಸುಗೆ ಹಲಗೆಯ ಮಂಚಕ್ಕಿಂತ ಸುಖಕರ.

ಎರಡನೆಯದು ಫರಸಿಯ ಮೇಜು. ಅಗಲವಾದ ಹಲಗೆಗೆ ಬೆಲೆ ಹೆಚ್ಚು. ಅಗಲವಾದ ಕಲ್ಲಿಗೆ ಈ ನಾಡಿನಲ್ಲಿ ಬೆಲೆ ಕಡಿಮೆ. ಆದುದರಿಂದ ಚೌಕಟ್ಟನ್ನು ಮಾತ್ರ ಮರದಿಂದ ಮಾಡಿ, ಮೇಲ್ಮೈಗೆ ಪಾಲಿಶ್ ಮಾಡಿದ ಶಹಾಬಾದ ಕಲ್ಲನ್ನಿಟ್ಟರೆ ಓದುವ ಮೇಜೂ ಅಡುಗೆಮನೆಯ ಕಟ್ಟೆಯೂ ಆಗುವುದು. ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ಒಂದು ಅಂಗುಲ ದಪ್ಪದ ಕಲ್ಲಿನ ತೂಕ ಸುಮಾರು 50 ಕಿಲೋ. ಆದ್ದರಿಂದ ಕಾಲುಗಳು ಎರಡೂವರೆ ಅಂಗುಲಕ್ಕೆ ಕಡಿಮೆಯಿರಬಾರದು. ಕಲ್ಲು ಭಾರವನ್ನು ಹೊರಬಲ್ಲದು, ಬಾಗಲಾರದು. ಆದಕಾರಣ ಸುತ್ತಲೂ ಚೌಕಟ್ಟಿನ ಮೇಲೆ ಸಮನಾಗಿ ಕೂತು, ನಡುವೆಯೂ ಒಂದು ಅಡ್ಡಪಟ್ಟಿ ಇರತಕ್ಕದ್ದು. ಇದು ಸುಣ್ಣಗಲ್ಲಾದ್ದರಿಂದ ನಿಂಬೆ, ಹುಣಸೆಯ ಹುಳಿ ಬಿದ್ದರೆ ಹೊಳಪು ತಿಂದುಹೋಗುವುದು. ಬಿದ್ದ ಕೂಡಲೇ ಒರೆಸಬೇಕು. ಕಲ್ಲು ಮರಗಳೆರಡನ್ನೂ ಅವುಗಳ ಗುಣವರಿತು ಕೂಡಿಸಿದ ಈ ಮೇಜು ಈ ನಾಡಿಗೆ ಹೇಳಿ ಮಾಡಿಸಿದಂತಿದೆ.

ಶಾಲೆಯ ಬೆಂಚುಗಳು

ಈ ವಿದ್ಯೆ ಮನೆಗೆ ಮಾತ್ರ ಸೀಮಿತವಾಗಬೇಕಾಗಿಲ್ಲ. ಹಳೆಯ ಶಾಲೆಗಳ ಹಿಂದಿನ ಕೋಣೆಯಲ್ಲಿ ಕಾಲು ಮುರಿದ ಬೆಂಚು, ಮೇಜು, ಕಪ್ಪುಹಲಗೆಯ ಚೌಕಟ್ಟುಗಳ ರಾಶಿ ಇರುವುದು ಸಾಮಾನ್ಯ ದೃಶ್ಯ. ಅವುಗಳಲ್ಲಿ ಎಷ್ಟೋ ಮಂದಿ ದಾನಿಗಳ ಬೆವರಿನ ಹಣವಿದೆ. ಕುಳಿತು ಓದಿಹೋದವರ ಹೆಸರುಗಳ ಕೆತ್ತನೆಯೂ ಇದೆ. ಒಂದು ಬೆಂಚಿನ ಕಾಲು ಸಡಿಲವಾದ ದಿನವೇ ಸಂದನ್ನು ಬಿಚ್ಚಿ ಅಂಟಿಸಿದ್ದರೆ ಆಗುತ್ತಿದ್ದ ಖರ್ಚು ಒಂದು ಡಬ್ಬಿ ಅಂಟಿನದು. ಹಾಗೆಯೇ ಬಿಟ್ಟುದರಿಂದ ಉಳಿದ ಮೂರು ಕಾಲುಗಳೂ ಸಡಿಲವಾಗಿ ಇಡೀ ಬೆಂಚು ಮೂಲೆ ಸೇರುವುದು, ಮಕ್ಕಳು ನೆಲಕ್ಕಿಳಿಯುವರು.

ಶಿಕ್ಷಣದಲ್ಲಿ ಕೈಕಸುಬಿಗೆ ಸ್ಥಾನವಿರಬೇಕೆಂದು 1937ರಲ್ಲಿ ವರ್ಧಾದಲ್ಲಿ ಗಾಂಧೀಜಿ ಮಂಡಿಸಿದ ಮೂಲಶಿಕ್ಷಣದ ಯೋಜನೆಯಲ್ಲಿ ಮರಗೆಲಸಕ್ಕೂ ಎಡೆಯಿತ್ತು. ಇಂದು ಅದನ್ನು ಪಠ್ಯವಾಗಿ ತರುವುದು ಕಷ್ಟವಾದರೂ ಬೇಸಿಗೆಯ ರಜೆಯ ಒಂದು ವಾರವನ್ನು ಇದಕ್ಕಾಗಿ ಮೀಸಲಿಡುವುದು ಕಷ್ಟವಲ್ಲ. ಆಗ ಮರವೂ ಒಣಗಿರುತ್ತದೆ, ಅಂಟೂ ಅರಗೂ ಬೇಗ ಆರುತ್ತವೆ. ಊರಿನ ಹಿರಿಯ ಬಡಗಿಯೊಬ್ಬರನ್ನು ಗುರುಸ್ಥಾನದಲ್ಲಿ ಕೂರಿಸಿ, ಅವರಿಗೆ ತಕ್ಕ ಗೌರವಧನವನ್ನು ದಾನಿಗಳು ವಹಿಸಿಕೊಂಡು, ಹಳೆಯ ವಿದ್ಯಾರ್ಥಿಗಳು ಕೈ ಜೋಡಿಸಿದರೆ, ಗಣಿತದ ಮೇಷ್ಟರು ಕರ್ಣವನ್ನೂ ವಿಜ್ಞಾನದ ಮೇಷ್ಟರು ಎಣ್ಣೆ ಒಣಗುವ ಕಾರಣವನ್ನೂ ಅಲ್ಲಿಯೇ ತೋರಿಸಬಹುದು. ಉಳಿ, ಕರಗಸಗಳನ್ನು ದೊಡ್ಡವರು ಹಿಡಿದು, ಉಜ್ಜುವ, ಒರೆಸುವ, ಅಳೆಯುವ ಕೆಲಸವನ್ನು ಮಕ್ಕಳಿಗೆ ಬಿಡಬೇಕು. ಹಳೆಯ ಬಣ್ಣ ಹೆರೆಯುವ ಕೆಲಸದಿಂದ ಮಾತ್ರ ಅವರನ್ನು ದೂರವಿಡಬೇಕು.

ಹೀಗೆ ಒಂದು ವಾರದಲ್ಲಿ ಹತ್ತು ಬೆಂಚುಗಳು ಎದ್ದು ನಿಂತರೂ ಹತ್ತು ಬೆಂಚಿನ ಹಣ ಪುಸ್ತಕಗಳಿಗೆ ಉಳಿಯುವುದು. ತಾನು ಉಜ್ಜಿ ಮೆರುಗು ಕೊಟ್ಟ ಬೆಂಚಿನ ಮೇಲೆ ಯಾವ ಹುಡುಗನೂ ಮೊಳೆಯಿಂದ ಗೀರಲಾರ. ಆ ಹುಡುಗ ಬೆಳೆದು ಗೃಹಸ್ಥನಾದಾಗ ಅಜ್ಜನ ಬಾಗಿಲನ್ನು ಗುಜರಿಗೆ ಕೊಡುವ ಮುನ್ನ ಒಮ್ಮೆ ತಟ್ಟಿ, ಅದರ ನುಡಿಯನ್ನು ಕೇಳಿ ನೋಡುವನೆಂಬುದರಲ್ಲಿ ಸಂದೇಹವಿಲ್ಲ.